ಊಟ ಹುಡುಕಿದ್ದು ಎರಡು ನಿಮಿಷ, ಮಾಹಿತಿ ಉಳಿಯುವುದು ಎಷ್ಟು ವರ್ಷ?

ಹಸಿವಾದಾಗ ಯಾರೂ ಗೋಪ್ಯತಾ ನೀತಿ ಓದುತ್ತಾ ಕೂರುವುದಿಲ್ಲ. ಹತ್ತಿರ ಎಲ್ಲಿ ಊಟ ಸಿಗುತ್ತದೆ, ಎಷ್ಟು ಹೊತ್ತಿನ ತನಕ ತೆರೆದಿರುತ್ತದೆ, ಹೋಗಿ ಬಂದವರು ಏನು ಹೇಳಿದ್ದಾರೆ ಅಂತ ನೋಡಿ ಹೊರಟುಬಿಡುತ್ತೇವೆ. ಅಷ್ಟರೊಳಗೆ ಆ ಜಾಲತಾಣ ನಮ್ಮ ಬಗ್ಗೆ ಒಂದಿಷ್ಟು ಬರೆದಿಟ್ಟುಕೊಂಡಿರುತ್ತದೆ.

ಊಟದ ಜಾಗ ಹುಡುಕಿಕೊಡಲು ಜಾಲತಾಣಕ್ಕೆ ಬೇಕಿರುವುದು ಎರಡೇ ಸಂಗತಿ. ನೀವು ಸುಮಾರು ಎಲ್ಲಿದ್ದೀರಿ, ನಿಮಗೆ ಏನು ಬೇಕು. ಅದೂ ಕೆಲವು ಸೆಕೆಂಡುಗಳ ಮಟ್ಟಿಗೆ. ಪರದೆಯ ಮೇಲೆ ಪಟ್ಟಿ ಬಂತು ಅಂದರೆ ಕೆಲಸ ಮುಗಿಯಿತು. ಆಮೇಲೆ ಆ ಮಾಹಿತಿಯನ್ನು ಇಟ್ಟುಕೊಳ್ಳುವುದು, ಹಳೆಯದರ ಜೊತೆ ಜೋಡಿಸುವುದು, ಇನ್ನೊಬ್ಬರಿಗೆ ಕೊಡುವುದು, ಇದ್ಯಾವುದೂ ಹುಡುಕಾಟಕ್ಕೆ ಬೇಕಾದ್ದಲ್ಲ. ಯಾರೋ ಕೂತು ಮಾಡಿದ ತೀರ್ಮಾನ ಅದು. ನನಗೆ ಇಡೀ ವಿಷಯದ ಗಂಟು ಕಾಣುವುದು ಇಲ್ಲೇ. ಏನು ತೆಗೆದುಕೊಳ್ಳುತ್ತಾರೆ ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಅಂತ ಕೇಳುವವರು ಕಡಿಮೆ.

"ನನ್ನ ಹತ್ತಿರ" ಒತ್ತಿದಾಗ

ಮೊದಲು ಜಾಗದ ವಿಷಯ. "ನನ್ನ ಹತ್ತಿರ" ಅನ್ನುವ ಗುಂಡಿ ಒತ್ತಿದ ಕೂಡಲೇ ಬ್ರೌಸರ್ ನಿಮ್ಮ ಅನುಮತಿ ಕೇಳುತ್ತದೆ. ಒಪ್ಪಿದರೆ ಫೋನಿನಿಂದ ಎರಡು ಸಂಖ್ಯೆ ಹೋಗುತ್ತವೆ: ಅಕ್ಷಾಂಶ ಮತ್ತು ರೇಖಾಂಶ. ಸಾಮಾನ್ಯವಾಗಿ ಎರಡರಲ್ಲೂ ಬಿಂದುವಿನ ನಂತರ ಐದಾರು ಅಂಕೆ, ಕೆಲವೊಮ್ಮೆ ಇನ್ನೂ ಜಾಸ್ತಿ ಇರುತ್ತವೆ. ಈ ಅಂಕೆಗಳ ಲೆಕ್ಕ ಗೊತ್ತಾದರೆ ಅರ್ಧ ವಿಷಯ ಅರ್ಥವಾದ ಹಾಗೆ.

ಅಕ್ಷಾಂಶದ ಒಂದು ಡಿಗ್ರಿ ಅಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್. ಬಿಂದುವಿನ ನಂತರ ಎರಡು ಅಂಕೆ ಇಟ್ಟರೆ 1.1 ಕಿಲೋಮೀಟರ್ ಮಟ್ಟಕ್ಕೆ ನೀವು ಸಿಗುತ್ತೀರಿ. ಯಾವ ಬಡಾವಣೆ ಅಂತ ತಿಳಿಯುತ್ತದೆ. ಮೂರು ಅಂಕೆಗೆ 110 ಮೀಟರ್, ಅಂದರೆ ಯಾವ ಬೀದಿ ಅಂತ. ನಾಲ್ಕು ಅಂಕೆಗೆ 11 ಮೀಟರ್, ಅಂದರೆ ಯಾವ ಮನೆ ಅಂತ. ಐದಕ್ಕೆ ಹೆಚ್ಚುಕಡಿಮೆ ಒಂದು ಮೀಟರ್. ಆಮೇಲಿನದ್ದು ಲೆಕ್ಕಕ್ಕಷ್ಟೇ, ಫೋನಿನ ಜಿಪಿಎಸ್‌ಗೇ ಅಷ್ಟು ನಿಖರತೆ ಇರುವುದಿಲ್ಲ.

ನಡೆದು ಹೋಗುವಷ್ಟು ದೂರದಲ್ಲಿ ಊಟ ಎಲ್ಲಿದೆ ಅಂತ ಹೇಳಲು ಮೂರು ಅಂಕೆ ಸಾಕು. ಗಾಡಿಯಲ್ಲಿ ಹೋಗುವವರಿಗೆ ಎರಡೇ ಸಾಕು. ಮನೆ ಬಾಗಿಲಿಗೆ ಊಟ ತಂದುಕೊಡುವ ಸೇವೆಗೆ ಮನೆಯ ವಿಳಾಸ ಬೇಕು, ಒಪ್ಪೋಣ. ಬರೀ ಹುಡುಕಿಕೊಡುವ ಜಾಲತಾಣಕ್ಕೆ ಬೇಡ. ಸರ್ವರ್‌ಗೆ ಬಂದ ಸಂಖ್ಯೆಯ ಕೊನೆಯ ಅಂಕೆಗಳನ್ನು ಅಲ್ಲೇ ಕತ್ತರಿಸಿ ಹಾಕಲು ಒಂದೆರಡು ಸಾಲು ಕೋಡ್ ಬರೆದರೆ ಆಯಿತು. ಇದು ಕಷ್ಟದ ಕೆಲಸವೇ ಅಲ್ಲ. ಹಾಗಾಗಿ ಒಂದು ಜಾಲತಾಣ ಆರು ಅಂಕೆಗಳನ್ನೂ ಹಾಗೆಯೇ ಉಳಿಸಿಕೊಂಡಿದ್ದರೆ, ಅದಕ್ಕೆ ಕಾರಣ ಕೇಳುವ ಹಕ್ಕು ನಮಗಿದೆ ಅಂತ ನಾನು ನಂಬುತ್ತೇನೆ.

ಫೋನ್ ತಯಾರಕರಿಗೆ ಈ ವಿಷಯ ಮೊದಲೇ ಅರ್ಥವಾಯಿತು. ಐಫೋನ್‌ಗಳಲ್ಲಿ 2020ರ ಐಒಎಸ್ 14ರಿಂದ "ನಿಖರ ಸ್ಥಳ" ಅನ್ನುವುದನ್ನು ಆಫ್ ಮಾಡಬಹುದು. ಆಂಡ್ರಾಯ್ಡ್‌ನಲ್ಲಿ 2021ರ 12ನೇ ಆವೃತ್ತಿಯಿಂದ ನಿಖರ ಬೇಕಾ, ಅಂದಾಜು ಸಾಕಾ ಅಂತ ಕೇಳುತ್ತದೆ. ಅಂದಾಜು ಕೊಟ್ಟು ನೋಡಿ. ಎಷ್ಟೋ ಸಲ ಊಟದ ಪಟ್ಟಿಗೆ ಅಷ್ಟೇ ಸಾಕಾಗುತ್ತದೆ.

ಅನುಮತಿ ಕೊಡದೆ ಇದ್ದರೂ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ, ಹೋಗಿಯೇ ಹೋಗುತ್ತದೆ. ಅದಿಲ್ಲದೆ ಪುಟವೇ ನಿಮ್ಮ ಫೋನಿಗೆ ಬರುವುದಿಲ್ಲ. ಅದರಿಂದ ಎಷ್ಟೋ ಸಲ ನೀವಿರುವ ಊರು ಗೊತ್ತಾಗುತ್ತದೆ, ಮನೆ ಗೊತ್ತಾಗುವುದಿಲ್ಲ. ಆದರೆ ನಿಮಗೆ ಇಂಟರ್ನೆಟ್ ಕೊಡುವ ಕಂಪನಿಯ ದಾಖಲೆಯ ಜೊತೆ ಸೇರಿಸಿದರೆ ಅದೂ ನಿಮ್ಮ ತನಕ ಬಂದು ಮುಟ್ಟಬಹುದು.

ಒಂದು ಸಲದ ಹುಡುಕಾಟದಿಂದ ಏನು ಮಹಾ ತಿಳಿಯುತ್ತದೆ ಅಂತ ಅನ್ನಿಸಬಹುದು. ಒಂದರಿಂದ ಜಾಸ್ತಿ ಏನೂ ತಿಳಿಯುವುದಿಲ್ಲ. ಕಷ್ಟ ಶುರುವಾಗುವುದು ಅವು ಸಾಲಾಗಿ ಕೂಡಿಕೊಂಡಾಗ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ 15 ಲಕ್ಷ ಜನರ 15 ತಿಂಗಳ ಮೊಬೈಲ್ ಓಡಾಟದ ದಾಖಲೆ ನೋಡಿತು. ಅದರಲ್ಲಿ ಹೆಸರಿರಲಿಲ್ಲ, ನಂಬರ್ ಇರಲಿಲ್ಲ. ಯಾವ ಗಂಟೆಯಲ್ಲಿ ಯಾವ ಟವರ್ ಹತ್ತಿರ ಅನ್ನುವಷ್ಟೇ ಇತ್ತು. ಆದರೂ ನಾಲ್ಕೇ ನಾಲ್ಕು ಜಾಗ ಮತ್ತು ಹೊತ್ತು ಗೊತ್ತಿದ್ದರೆ 95 ಶೇಕಡಾ ಜನರನ್ನು ಉಳಿದವರಿಂದ ಬೇರೆ ಮಾಡಿ ಗುರುತಿಸಬಹುದಿತ್ತು. ಊಟ ಹುಡುಕುವ ದಾಖಲೆ ಇದಕ್ಕಿಂತ ಸಲೀಸು. ಮಧ್ಯಾಹ್ನದ ಹುಡುಕಾಟಗಳೆಲ್ಲ ಒಂದು ಕಡೆ ಗುಂಪುಗೂಡುತ್ತವೆ, ಅದು ಕೆಲಸದ ಜಾಗ. ರಾತ್ರಿಯವು ಇನ್ನೊಂದು ಕಡೆ, ಅದು ಮನೆ. ಈ ಎರಡು ಜಾಗವನ್ನೂ ಹಂಚಿಕೊಂಡವರು ಎಷ್ಟು ಜನ ಸಿಗುತ್ತಾರೆ? "ಹೆಸರು ತೆಗೆದು ಇಟ್ಟುಕೊಳ್ಳುತ್ತೇವೆ" ಅನ್ನುವ ಮಾತು ಕಂಡಾಗ ಈ ಅಧ್ಯಯನವನ್ನು ನೆನಪಿಸಿಕೊಳ್ಳಬೇಕು.

ತಿನ್ನುವುದು ಹೇಳುವ ಕಥೆ

ಎರಡನೆಯದು, ನಿಮಗೆ ಏನು ಬೇಕು ಅನ್ನುವುದು. ಹುಡುಕಾಟದ ಪುಟದಲ್ಲಿ ಸಣ್ಣ ಸಣ್ಣ ಆಯ್ಕೆಗಳಿರುತ್ತವೆ. ಸಸ್ಯಾಹಾರ, ಹಲಾಲ್, ಕೋಷರ್ (ಯಹೂದಿ ಧರ್ಮದ ನಿಯಮದಂತೆ ಮಾಡಿದ ಊಟ), ಗ್ಲುಟೆನ್ ಇಲ್ಲದ್ದು, ಸಕ್ಕರೆ ಇಲ್ಲದ್ದು, ಮದ್ಯ ಸಿಗುವ ಜಾಗ, ಗಾಲಿಕುರ್ಚಿ ಒಳಗೆ ಹೋಗುವಂಥದ್ದು, ಮಕ್ಕಳ ಕುರ್ಚಿ ಇರುವಂಥದ್ದು. ಒಂದನ್ನು ಗುರುತು ಹಾಕಿದಾಗ ನಮಗೆ ಅದು ಆ ಹೊತ್ತಿನ ಅನುಕೂಲ. ಆರು ತಿಂಗಳ ಗುರುತುಗಳನ್ನು ಒಟ್ಟಿಗೆ ಇಟ್ಟು ನೋಡುವವರಿಗೆ ಅದು ಒಬ್ಬರ ಧರ್ಮ, ಕಾಯಿಲೆ, ಅಂಗವೈಕಲ್ಯ, ಮನೆಯಲ್ಲಿ ಮಗು ಇರುವುದು.

ಜೊತೆಗೆ ಬದಲಾವಣೆಯೂ ಕಾಣುತ್ತದೆ. ನೆನ್ನೆ ಮೊನ್ನೆಯ ತನಕ ಎಲ್ಲ ತಿನ್ನುತ್ತಿದ್ದವರು ಇದ್ದಕ್ಕಿದ್ದಂತೆ ಸಕ್ಕರೆ ಇಲ್ಲದ್ದನ್ನೇ ಹುಡುಕತೊಡಗಿದರೆ ಏನಾಗಿರಬಹುದು ಅಂತ ಊಹಿಸಲು ವೈದ್ಯರೇ ಬೇಕಾಗಿಲ್ಲ. ಮನೆಯವರಿಗೆ ಹೇಳುವ ಮುಂಚೆ ಒಂದು ಕಂಪ್ಯೂಟರ್‌ಗೆ ಅದು ಗೊತ್ತಾಗಿರುತ್ತದೆ.

ಯುರೋಪಿನ ಮಾಹಿತಿ ಸಂರಕ್ಷಣಾ ಕಾನೂನು, ಅಂದರೆ 2018ರ ಮೇ 25ರಂದು ಜಾರಿಗೆ ಬಂದ ಜಿಡಿಪಿಆರ್, ಆರೋಗ್ಯ ಮತ್ತು ಧರ್ಮದ ಮಾಹಿತಿಯನ್ನು ಬೇರೆಯದಕ್ಕಿಂತ ಬಿಗಿಯಾಗಿ ಕಾಯುತ್ತದೆ. "ನಾವು ಯಾರ ಧರ್ಮವನ್ನೂ ಕೇಳಿಲ್ಲ, ಬರೀ ಊಟದ ಆಯ್ಕೆ ಕೇಳಿದ್ದೇವೆ" ಅಂತ ಕಂಪನಿ ಹೇಳಬಹುದಲ್ವಾ? ಈ ದಾರಿಯನ್ನು ಯುರೋಪಿನ ನ್ಯಾಯಾಲಯ 2022ರ ಆಗಸ್ಟ್‌ನಲ್ಲಿ ಬಹುಮಟ್ಟಿಗೆ ಮುಚ್ಚಿತು. ಲಿಥುವೇನಿಯಾದಿಂದ ಬಂದಿದ್ದ ಪ್ರಕರಣ ಅದು, ಊಟಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಸರ್ಕಾರಿ ಹೊಣೆಯಲ್ಲಿರುವ ಒಬ್ಬರ ಸಂಗಾತಿಯ ಹೆಸರನ್ನು ಪ್ರಕಟಿಸಿದರೆ ಅವರ ಲೈಂಗಿಕ ಒಲವು ಗೊತ್ತಾಗಬಹುದು ಅನ್ನುವ ಪ್ರಶ್ನೆ ಎದ್ದಿತ್ತು. ನೇರವಾಗಿ ಹೇಳದಿದ್ದರೂ, ಕೊಟ್ಟ ಮಾಹಿತಿಯಿಂದ ಊಹಿಸಬಹುದಾದದ್ದಕ್ಕೂ ಅದೇ ರಕ್ಷಣೆ ಇದೆ ಅಂತ ನ್ಯಾಯಾಲಯ ಹೇಳಿತು. ಊಟದ ಆಯ್ಕೆಗಳಿಗೆ ಈ ಮಾತು ಸರಿಯಾಗಿ ಹೊಂದುತ್ತದೆ.

ಪುಟದಲ್ಲಿ ಇನ್ನೂ ಯಾರಿದ್ದಾರೆ

ನಾವು ತೆರೆದದ್ದು ಒಂದು ಜಾಲತಾಣ. ಆದರೆ ಪುಟ ತೆರೆದುಕೊಳ್ಳುವಾಗ ನಕ್ಷೆ ಒಂದು ಕಂಪನಿಯಿಂದ ಬರುತ್ತದೆ, ಜಾಹೀರಾತು ಇನ್ನೊಂದರಿಂದ, ಎಷ್ಟು ಜನ ಬಂದರು ಅಂತ ಎಣಿಸುವ ಕೋಡ್ ಮತ್ತೊಂದರಿಂದ. ಇವರಲ್ಲಿ ಪ್ರತಿಯೊಬ್ಬರಿಗೂ ನಿಮ್ಮ ಐಪಿ ವಿಳಾಸ ಸಿಗುತ್ತದೆ. ಎಷ್ಟೋ ಸಲ ಯಾವ ಪುಟದಲ್ಲಿದ್ದೀರಿ ಅನ್ನುವುದೂ ಸಿಗುತ್ತದೆ. ಪುಟದ ವಿಳಾಸದೊಳಗೇ ನಿಮ್ಮ ಹುಡುಕಾಟದ ಪದಗಳು ಸೇರಿಕೊಂಡಿದ್ದರೆ ಅದೂ ಅವರ ಕೈಗೆ ಹೋಗಬಹುದು.

ಕುಕಿ ಅಂದರೆ ಜಾಲತಾಣ ನಿಮ್ಮ ಬ್ರೌಸರ್‌ನಲ್ಲಿ ಇಟ್ಟು ಹೋಗುವ ಸಣ್ಣ ಗುರುತು, 1994ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನ ಲೂ ಮೊಂಟುಲಿ ಮಾಡಿದ ಏರ್ಪಾಡು. ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗ ಇವರು ಅದೇ ಗಿರಾಕಿ ಅಂತ ಅಂಗಡಿಗೆ ನೆನಪಿರಲಿ ಅನ್ನುವ ಸಾದಾ ಉದ್ದೇಶ ಅದರದ್ದು. ಹಾಗೆ ಬಳಸಿದರೆ ಇವತ್ತಿಗೂ ತಕರಾರಿಲ್ಲ. ನಿಮ್ಮ ಭಾಷೆ, ನಿಮ್ಮ ಲಾಗಿನ್, ನೀವು ಗುರುತು ಹಾಕಿಕೊಂಡ ಜಾಗಗಳನ್ನು ನೆನಪಿಡಲು ಅದು ಬೇಕು. ತಕರಾರು ಇರುವುದು ಮೂರನೆಯವರ ಕುಕಿಗಳ ಬಗ್ಗೆ. ಅದೇ ಜಾಹೀರಾತು ಕಂಪನಿ ಸುದ್ದಿ ಪುಟದಲ್ಲೂ ಇರುತ್ತದೆ, ಔಷಧಿ ಪುಟದಲ್ಲೂ ಇರುತ್ತದೆ, ಊಟದ ಪುಟದಲ್ಲೂ ಇರುತ್ತದೆ. ಮೂರೂ ಕಡೆ ಕಂಡವರು ಒಬ್ಬರೇ ಅಂತ ಅದಕ್ಕೆ ತಿಳಿಯುತ್ತದೆ.

ಆ್ಯಪ್‌ಗಳಲ್ಲಿ ಈ ಕೆಲಸ ಇನ್ನೂ ಕಣ್ಣಿಗೆ ಬೀಳದ ಹಾಗೆ ನಡೆಯುತ್ತದೆ. ಆ್ಯಪ್ ಮಾಡುವವರು ಬೇರೆ ಕಂಪನಿಯ ಸಿದ್ಧ ಕೋಡ್ ತುಂಡನ್ನು ಒಳಗೆ ಸೇರಿಸಿಕೊಳ್ಳುತ್ತಾರೆ. ಇದಕ್ಕೆ ಎಸ್‌ಡಿಕೆ ಅನ್ನುತ್ತಾರೆ. ನೀವು ಆ್ಯಪ್‌ಗೆ ಸ್ಥಳದ ಅನುಮತಿ ಕೊಟ್ಟರೆ ಆ ತುಂಡಿಗೂ ಕೊಟ್ಟ ಹಾಗೆಯೇ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರ ಜನವರಿಯಲ್ಲಿ ಇನ್‌ಮಾರ್ಕೆಟ್ ಅನ್ನುವ ಕಂಪನಿಯ ಮೇಲೆ ಕ್ರಮ ತೆಗೆದುಕೊಂಡಾಗ ಇದರ ಒಳಗುಟ್ಟು ಹೊರಬಂತು. ಈ ಕಂಪನಿಗೆ ತನ್ನದೇ ಆ್ಯಪ್‌ಗಳಿದ್ದವು, ಅದರಲ್ಲಿ ಒಂದು ಅಂಗಡಿಯಿಂದ ತರಬೇಕಾದ ಸಾಮಾನಿನ ಪಟ್ಟಿ ಬರೆದುಕೊಳ್ಳುವಂಥದ್ದು. ಅದರ ಜೊತೆಗೆ 300ಕ್ಕೂ ಜಾಸ್ತಿ ಬೇರೆಯವರ ಆ್ಯಪ್‌ಗಳಲ್ಲಿ ಅದರ ಕೋಡ್ ಕೂತಿತ್ತು. ಸಿಕ್ಕ ಸ್ಥಳ ಮಾಹಿತಿಯನ್ನು ಐದು ವರ್ಷ ಇಟ್ಟುಕೊಳ್ಳುತ್ತಿತ್ತು ಅಂತ ಕಮಿಷನ್ ಆರೋಪಿಸಿತು. ಜನರನ್ನು ಸುಮಾರು 2,000 ಗುಂಪುಗಳಾಗಿ ವಿಂಗಡಿಸಿ ಜಾಹೀರಾತಿಗೆ ಬಳಸುತ್ತಿದ್ದರು. "ಪುಟ್ಟ ಮಕ್ಕಳ ತಂದೆತಾಯಿ" ಒಂದು ಗುಂಪು. "ಚರ್ಚಿಗೆ ಹೋಗುವವರು" ಇನ್ನೊಂದು. "ದುಡ್ಡಿದೆ, ಆರೋಗ್ಯ ಇಲ್ಲ" ಅನ್ನುವ ಅರ್ಥದ್ದೂ ಒಂದಿತ್ತು. ಸಾಮಾನಿನ ಪಟ್ಟಿ ಬರೆದುಕೊಂಡವರಿಗೆ ತಮ್ಮನ್ನು ಹೀಗೆ ಗುಂಪು ಮಾಡುತ್ತಾರೆ ಅಂತ ಹೇಳಿದವರ್ಯಾರು?

ಇಂಥ ಕಡೆ ಕಂಪನಿಗಳು ಸಾಮಾನ್ಯವಾಗಿ ಹೇಳುವ ಮಾತು, "ನಾವು ನಿಮ್ಮ ಮಾಹಿತಿಯನ್ನು ಮಾರುವುದಿಲ್ಲ." ದುಡ್ಡು ತೆಗೆದುಕೊಂಡು ಕೊಟ್ಟರೆ ಮಾತ್ರ ಮಾರಾಟ ಅನ್ನುವುದಾದರೆ ಅದು ಎಷ್ಟೋ ಸಲ ನಿಜವೇ. ಕ್ಯಾಲಿಫೋರ್ನಿಯಾದ ಕಾನೂನು ಹಾಗೆ ನೋಡುವುದಿಲ್ಲ. ಊಟ ತಂದುಕೊಡುವ ಡೋರ್‌ಡ್ಯಾಶ್ ಕಂಪನಿ ಅಲ್ಲಿ ಒಂದು ಮಾರ್ಕೆಟಿಂಗ್ ಕೂಟಕ್ಕೆ ಸೇರಿತ್ತು. ಕೂಟದ ಕಂಪನಿಗಳು ತಮ್ಮ ಗಿರಾಕಿಗಳ ಹೆಸರು, ವಿಳಾಸ ಮತ್ತು ಖರೀದಿಯ ವಿವರ ಹಾಕಬೇಕು, ಬದಲಿಗೆ ಬೇರೆಯವರ ಗಿರಾಕಿಗಳಿಗೆ ಜಾಹೀರಾತು ಕಳಿಸಬಹುದು. ದುಡ್ಡು ಕೈ ಬದಲಿಸಬೇಕಿಲ್ಲ. ಲಾಭಕ್ಕಾಗಿ ಕೊಟ್ಟದ್ದೂ ಮಾರಾಟವೇ ಅಂತ ಅಲ್ಲಿನ ಅಟಾರ್ನಿ ಜನರಲ್ ಹೇಳಿದರು. 2024ರ ಫೆಬ್ರುವರಿಯಲ್ಲಿ 3,75,000 ಡಾಲರ್ ದಂಡಕ್ಕೆ ರಾಜಿ ಆಯಿತು.

ದಂಡದ ಮೊತ್ತ ಇಂಥ ಕಂಪನಿಗೆ ದೊಡ್ಡದಲ್ಲ. ಆ ಪ್ರಕರಣದಲ್ಲಿ ನನ್ನನ್ನು ಕಾಡಿದ್ದು ಇನ್ನೊಂದು ವಿಷಯ. ಕೂಟಕ್ಕೆ ಹೋದ ಮಾಹಿತಿ ಅಲ್ಲಿಂದ ಮುಂದೆ ಬೇರೆಯವರ ಕೈಗೂ ಹೋಗಿತ್ತು. ಯಾರ ಯಾರ ಹತ್ತಿರ ಇದೆ ಅಂತ ಪತ್ತೆ ಹಚ್ಚಿ "ಅಳಿಸಿಬಿಡಿ" ಅಂತ ಹೇಳಲು ಕಂಪನಿಗೂ ಆಗಲಿಲ್ಲ. ಒಮ್ಮೆ ಕೊಟ್ಟದ್ದನ್ನು ವಾಪಸ್ ತರಲು ಕೊಟ್ಟವರಿಗೇ ಆಗದಿದ್ದರೆ, ನಮ್ಮ ಕೈಲಿ ಹೇಗೆ ಆಗುತ್ತದೆ?

ಇಟ್ಟುಕೊಂಡದ್ದು ಒಂದು ದಿನ ಹೊರಬರುತ್ತದೆ

ಬರ್ಲಿನ್‌ನ ಮಾಹಿತಿ ಸಂರಕ್ಷಣಾ ಅಧಿಕಾರಿಗಳು 2019ರಲ್ಲಿ ಊಟ ತಂದುಕೊಡುವ ಡೆಲಿವರಿ ಹೀರೋ ಕಂಪನಿಯ ಜರ್ಮನ್ ಶಾಖೆಗೆ 1,95,407 ಯೂರೋ ಕಟ್ಟುವಂತೆ ಆದೇಶಿಸಿದರು. ಕಾರಣ ತುಂಬ ಸರಳ. ಬಿಟ್ಟು ಹೋದ ಗಿರಾಕಿಗಳ ಖಾತೆಗಳನ್ನು ಅಳಿಸಿರಲಿಲ್ಲ. ಹತ್ತು ಪ್ರಕರಣ ಸಿಕ್ಕವು. ಅದರಲ್ಲಿ ಒಬ್ಬರು 2008ರಿಂದ ಅತ್ತ ತಲೆ ಹಾಕಿರಲಿಲ್ಲ. ಬೇಡವೆಂದರೂ ಜಾಹೀರಾತಿನ ಇಮೇಲ್ ಬರುತ್ತಿದೆ ಅಂತ ಎಂಟು ಜನ ದೂರು ಕೊಟ್ಟಿದ್ದರು. ಇದರಲ್ಲಿ ಕಳ್ಳರಿಲ್ಲ, ಪಿತೂರಿ ಇಲ್ಲ. ಅಳಿಸುವುದು ಯಾರ ಕೆಲಸವೂ ಆಗಿರಲಿಲ್ಲ, ಅಷ್ಟೇ. ಎಷ್ಟೋ ಕಂಪನಿಗಳಲ್ಲಿ ಮಾಹಿತಿ ಉಳಿಯುವುದು ಹೀಗೆಯೇ.

ಹಾಗೆ ಉಳಿದದ್ದು ಸೋರಿದಾಗ ಅದರ ಬೆಲೆ ಗೊತ್ತಾಗುತ್ತದೆ. 2017ರ ಮೇ ತಿಂಗಳಲ್ಲಿ ಜೊಮ್ಯಾಟೊದಿಂದ 1 ಕೋಟಿ 70 ಲಕ್ಷ ಬಳಕೆದಾರರ ದಾಖಲೆ ಕಳುವಾಯಿತು. ಇಮೇಲ್‌ಗಳು ಮತ್ತು ಹ್ಯಾಶ್ ಮಾಡಿದ, ಅಂದರೆ ನೇರವಾಗಿ ಓದಲಾಗದಂತೆ ಬದಲಿಸಿಟ್ಟ ಪಾಸ್‌ವರ್ಡ್‌ಗಳು ಅದರಲ್ಲಿದ್ದವು. ಕಾರ್ಡ್ ವಿವರಗಳನ್ನು ಬೇರೆ ಕಡೆ ಇಟ್ಟಿದ್ದರಿಂದ ಅವು ಉಳಿದವು. ಕಂಪನಿ ಆಮೇಲೆ ಹೇಳಿದ ಕಾರಣ ಕೇಳಿದರೆ ಎಂಥವರಿಗೂ ಎಚ್ಚರಿಕೆ ಹುಟ್ಟುತ್ತದೆ. ಅಲ್ಲಿನ ಡೆವಲಪರ್ ಒಬ್ಬರು ಬೇರೆ ಯಾವುದೋ ಜಾಲತಾಣದಲ್ಲಿ ಬಳಸಿದ ಪಾಸ್‌ವರ್ಡನ್ನೇ ಕೋಡ್ ಇಡುವ ಜಾಗಕ್ಕೂ ಬಳಸಿದ್ದರು. ಆ ಬೇರೆ ಜಾಲತಾಣದಿಂದ 2015ರಲ್ಲೇ ಪಾಸ್‌ವರ್ಡ್‌ಗಳು ಸೋರಿದ್ದವು. ಬಾಗಿಲು ತೆರೆದುಕೊಂಡದ್ದು ಅಲ್ಲಿಂದ.

2019ರ ಮೇ ತಿಂಗಳಲ್ಲಿ ಡೋರ್‌ಡ್ಯಾಶ್‌ನಿಂದ 49 ಲಕ್ಷ ಜನರ ಮಾಹಿತಿ ಹೋಯಿತು. ವಿಳಾಸ, ಫೋನ್ ನಂಬರ್, ಏನೇನು ತರಿಸಿಕೊಂಡಿದ್ದರು ಅನ್ನುವುದು ಅದರಲ್ಲಿತ್ತು. ಜನರಿಗೆ ತಿಳಿದದ್ದು ಸೆಪ್ಟೆಂಬರ್ ಕೊನೆಯಲ್ಲಿ.

ಇವೆಲ್ಲಕ್ಕಿಂತ ಜಾಸ್ತಿ ಯೋಚಿಸಬೇಕಾದದ್ದು ರಷ್ಯಾದ ಯಾಂಡೆಕ್ಸ್ ಫುಡ್ ಪ್ರಕರಣ. 2022ರ ಮಾರ್ಚ್ 1ರಂದು ಕಂಪನಿ ತನ್ನ ಮಾಹಿತಿ ಸೋರಿದೆ ಅಂತ ಒಪ್ಪಿಕೊಂಡಿತು. ಒಬ್ಬ ನೌಕರ ಮಾಡಿದ್ದು ಅಂತ ಹೇಳಿತು. ಕೆಲವೇ ವಾರಗಳಲ್ಲಿ ಯಾರೋ ಅದನ್ನು ನಕ್ಷೆಯ ಮೇಲೆ ಹಾಕಿ ಎಲ್ಲರಿಗೂ ತೆರೆದಿಟ್ಟರು. ಹೆಸರು, ಫೋನ್ ನಂಬರ್, ವಿಳಾಸ, ಎಷ್ಟು ದುಡ್ಡಿನ ಊಟ, ಎಲ್ಲ ಅದರಲ್ಲಿತ್ತು. ಅದರ ಜೊತೆಗೆ ಇನ್ನೊಂದು ಖಾನೆ ಇತ್ತು, ಊಟ ತರುವವರಿಗೆ ಗಿರಾಕಿ ಬರೆಯುವ ಸೂಚನೆ. ಬೆಲ್ಲಿಂಗ್‌ಕ್ಯಾಟ್ ಅನ್ನುವ ತನಿಖಾ ಪತ್ರಕರ್ತರ ಸಂಸ್ಥೆ ಈ ಖಾನೆ ಓದಿ ರಷ್ಯಾದ ಗುಪ್ತಚರ ಮತ್ತು ಸೇನಾ ಸಂಸ್ಥೆಗಳಿಗೆ ಸಂಬಂಧಪಟ್ಟವರನ್ನು ಪತ್ತೆ ಹಚ್ಚಿತು. ಯಾವ ಗೇಟಿನ ಹತ್ತಿರ ಬರಬೇಕು, ಎಲ್ಲಿ ನಿಂತು ಫೋನ್ ಮಾಡಬೇಕು ಅಂತ ಅವರೇ ಬರೆದಿದ್ದರು. ವೃತ್ತಿಯೇ ಗುಟ್ಟು ಕಾಯುವುದಾಗಿದ್ದವರು ಊಟದ ಆರ್ಡರ್‌ನಲ್ಲಿ ಸಿಕ್ಕಿಬಿದ್ದರು.

ಅವರ ಬಗ್ಗೆ ನಮಗೆ ಮರುಕ ಇಲ್ಲದಿರಬಹುದು. ಆದರೆ ಅದೇ ನಕ್ಷೆಯಲ್ಲಿ ಸಾಮಾನ್ಯ ಜನರೂ ಇದ್ದರು. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬೇರೆ ವಿಳಾಸದಲ್ಲಿ ಇರುವ ಹೆಂಗಸಿಗೆ ಇಂಥ ನಕ್ಷೆ ಎಂದರೆ ಏನು ಅಂತ ಯೋಚಿಸಿ. ಸೂಚನೆಯ ಖಾನೆಯಲ್ಲಿ ಜನ ಸುಮ್ನೆ ಏನೇನೋ ಬರೆಯುತ್ತಾರೆ. ಬೆಲ್ ಮಾಡಬೇಡಿ, ಮಗು ಮಲಗಿದೆ. ಬಾಗಿಲು ತೆಗೆದೇ ಇದೆ, ಒಳಗಿಟ್ಟು ಹೋಗಿ. ಅಮ್ಮನಿಗೆ ಕಿವಿ ಕೇಳುವುದಿಲ್ಲ, ಜೋರಾಗಿ ತಟ್ಟಿ. ಲಿಫ್ಟಿನ ಪಾಸ್‌ವರ್ಡ್ ಇಂಥದ್ದು. ಊಟ ಕೈಗೆ ಬಂದ ಮೇಲೆ ಈ ಸಾಲುಗಳಿಂದ ಯಾರಿಗೂ ಉಪಯೋಗವಿಲ್ಲ. ಲೆಕ್ಕಪತ್ರಕ್ಕೆ ಬಿಲ್ ಬೇಕು, ತೆರಿಗೆಗೆ ಬೇಕು, ಅದನ್ನು ಇಟ್ಟುಕೊಳ್ಳಲಿ. ಬಾಗಿಲಿನ ಮಾತು ಯಾಕೆ? ಅದು ಮರುದಿನವೇ ಅಳಿಸಿಹೋಗುವಂತೆ ಮಾಡುವುದು ಸಾಧ್ಯ. ಸೋರಿದ ಮೇಲೆ ಕ್ಷಮೆ ಕೇಳುವುದಕ್ಕಿಂತ ಅದು ಎಷ್ಟೋ ಅಗ್ಗ. ಅಂದ ಹಾಗೆ, ಅಷ್ಟು ದೊಡ್ಡ ಸೋರಿಕೆಗೆ ಮಾಸ್ಕೋದ ನ್ಯಾಯಾಲಯ ಹಾಕಿದ ದಂಡ 60,000 ರೂಬಲ್.

ಇಲ್ಲದ ಮಾಹಿತಿಯನ್ನು ಯಾರೂ ಕದಿಯಲಾರರು. ಭದ್ರತೆಗೆ ಎಷ್ಟು ಖರ್ಚು ಮಾಡಿದ್ದೇವೆ ಅಂತ ಹೇಳುವ ಕಂಪನಿಗಿಂತ, ಏನನ್ನು ಇಟ್ಟುಕೊಂಡಿಲ್ಲ ಅಂತ ಹೇಳುವ ಕಂಪನಿಯನ್ನು ನಾನು ಜಾಸ್ತಿ ನಂಬುತ್ತೇನೆ.

ವಿಮರ್ಶೆ, ಫೋಟೊ

ಇದು ನಾವೇ ಬಹಿರಂಗವಾಗಿ ಕೊಡುವ ಮಾಹಿತಿ, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಹೋದ ಜಾಗಗಳ ಬಗ್ಗೆ ಒಂದೇ ಹೆಸರಿನಲ್ಲಿ ಬರೆಯುತ್ತಾ ಹೋದರೆ ಅದೇ ಓಡಾಟದ ದಾಖಲೆ ಆಗುತ್ತದೆ. ಫೋನಿನಲ್ಲಿ ತೆಗೆದ ಫೋಟೊದೊಳಗೆ ತೆಗೆದ ಹೊತ್ತು ಮತ್ತು ಜಾಗ ಅಡಗಿರಬಹುದು. ಒಳ್ಳೆಯ ಜಾಲತಾಣ ಅದನ್ನು ತೆಗೆದುಹಾಕಿಯೇ ಪ್ರಕಟಿಸುತ್ತದೆ. ನಂಬಿಕೆ ಇಲ್ಲದಿದ್ದರೆ ಕ್ಯಾಮೆರಾದ ಸೆಟ್ಟಿಂಗ್‌ನಲ್ಲೇ ಜಾಗ ಬರೆಯುವುದನ್ನು ನಿಲ್ಲಿಸಬಹುದು.

ಹಸಿದವರು ಹುಡುಕುವಾಗ

ಊಟ ಹುಡುಕುವ ಜಾಲತಾಣ ಅಂದರೆ ರುಚಿ ಹುಡುಕುವವರಿಗೆ ಮಾತ್ರ ಅಲ್ಲ. ಉಚಿತ ಊಟ ಎಲ್ಲಿ ಸಿಗುತ್ತದೆ, ಆಹಾರ ಬ್ಯಾಂಕ್ ಯಾವತ್ತು ತೆರೆದಿರುತ್ತದೆ, ಸರ್ಕಾರದ ನೆರವಿಗೆ ಅರ್ಜಿ ಎಲ್ಲಿ ಹಾಕಬೇಕು ಅಂತ ತೋರಿಸುವ ಜಾಲತಾಣಗಳೂ ಇವೆ. ಅಲ್ಲಿ ಬರುವವರಿಗೆ ಬೇರೆ ಕಡೆ ಹೋಗುವ ಆಯ್ಕೆ ಇರುವುದಿಲ್ಲ. "ಒಪ್ಪಿಗೆ ಇಲ್ಲದಿದ್ದರೆ ಬಳಸಬೇಡಿ" ಅನ್ನುವ ಮಾತಿಗೆ ಅವರ ಮುಂದೆ ಏನು ಅರ್ಥ? ಮನೆಯಲ್ಲಿ ಅಕ್ಕಿ ಇಲ್ಲದವರು ಎಲ್ಲದಕ್ಕೂ ಒಪ್ಪುತ್ತಾರೆ. ಅದನ್ನು ಒಪ್ಪಿಗೆ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇಂಥ ಪುಟದಲ್ಲಿ ಜಾಹೀರಾತಿನ ಕೋಡ್ ಇದ್ದರೆ "ಈ ಮನೆಯಲ್ಲಿ ದುಡ್ಡಿಗೆ ಕಷ್ಟವಿದೆ" ಅನ್ನುವ ಸುಳಿವು ಹೊರಗೆ ಹೋಗುತ್ತದೆ. ಜಾಸ್ತಿ ಬಡ್ಡಿಯ ಸಾಲ ಕೊಡುವವರಿಗೆ ಬೇಕಾದ ಸುಳಿವು ಅದೇ.

ಇನ್ನೊಂದು ಭಯ ಸರ್ಕಾರದ್ದು. ಅಮೆರಿಕದ ಕೃಷಿ ಇಲಾಖೆ 2025ರ ಮೇ ತಿಂಗಳಲ್ಲಿ ಆಹಾರ ನೆರವು ಪಡೆಯುವವರ ಹೆಸರು, ಹುಟ್ಟಿದ ದಿನ, ವಿಳಾಸ, ಸೋಷಿಯಲ್ ಸೆಕ್ಯೂರಿಟಿ ನಂಬರ್ ಎಲ್ಲವನ್ನೂ ಕೊಡಿ ಅಂತ ರಾಜ್ಯಗಳನ್ನು ಕೇಳಿತು. ಮೋಸ ತಡೆಯಲು ಬೇಕು ಅನ್ನುವುದು ಇಲಾಖೆಯ ವಾದ. ಊಟಕ್ಕಾಗಿ ಕೊಟ್ಟ ಮಾಹಿತಿ ವಲಸಿಗರನ್ನು ಹಿಡಿಯಲು ಬಳಕೆಯಾಗುತ್ತದೆ ಅನ್ನುವುದು ಎದುರಿನವರ ಭಯ. ಜುಲೈನಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಕೋರ್ಟಿಗೆ ಹೋದವು. ಯಾರ ವಾದ ಸರಿ ಅನ್ನುವುದು ಒಂದು ಕಡೆ ಇರಲಿ. ಹೀಗಾಗಬಹುದು ಅನ್ನುವ ಗುಮಾನಿ ಒಂದೇ ಸಾಕು, ಅರ್ಹತೆ ಇರುವವರೂ ಅರ್ಜಿ ಹಾಕದೆ ಹಿಂದೆ ಸರಿಯಲು. ಮಾಹಿತಿಯ ಭಯದಿಂದ ಮಕ್ಕಳು ಉಪವಾಸ ಮಲಗುವ ಹಾಗಾದರೆ, ಜಾಲತಾಣ ಯಾವುದಕ್ಕೆ ಹುಟ್ಟಿತೋ ಅದೇ ಕೆಟ್ಟಿತು.

ಇಂಥ ಜಾಲತಾಣ ಮಾಡುವವರಿಗೆ ದಾರಿ ಇದೆ, ಅದು ದುಬಾರಿಯೂ ಅಲ್ಲ. ಲಾಗಿನ್ ಕೇಳಬೇಡಿ. ಜಿಪಿಎಸ್ ಬದಲು ಪಿನ್‌ಕೋಡ್ ಅಥವಾ ಬಡಾವಣೆಯ ಹೆಸರು ಕೇಳಿ. ಬೇಕಾದರೆ ಆ ಪ್ರದೇಶದ ಇಡೀ ಪಟ್ಟಿಯನ್ನೇ ಫೋನಿಗೆ ಕಳಿಸಿ, ಹತ್ತಿರದ್ದು ಯಾವುದು ಅಂತ ಲೆಕ್ಕ ಹಾಕುವ ಕೆಲಸ ಫೋನಿನಲ್ಲೇ ಆಗಲಿ. ಆಗ ಯಾರು ಎಲ್ಲಿ ನಿಂತು ಹುಡುಕಿದರು ಅನ್ನುವುದು ನಿಮಗೇ ಗೊತ್ತಾಗುವುದಿಲ್ಲ. ಸರ್ವರ್ ದಾಖಲೆಗಳನ್ನು ಕೆಲವೇ ದಿನಕ್ಕೆ ಅಳಿಸಿ. ಹೊರಗಿನ ಕೋಡ್ ತುಂಡುಗಳನ್ನು ಒಳಗೆ ಬಿಡಬೇಡಿ. ರುಚಿ ಹುಡುಕಿಕೊಡುವ ಜಾಲತಾಣಗಳೂ ಇದನ್ನೇ ಮಾಡಬಹುದು. ಜಾಹೀರಾತಿನ ಆದಾಯ ಕಡಿಮೆಯಾಗುತ್ತದೆ, ಅದಕ್ಕೇ ಬಹಳಷ್ಟು ಕಡೆ ಮಾಡುವುದಿಲ್ಲ.

ಗೋಪ್ಯತಾ ನೀತಿಯಲ್ಲಿ ಏನು ನೋಡಬೇಕು

ಬಳಸುವ ಎಲ್ಲ ಜಾಲತಾಣಗಳ ಗೋಪ್ಯತಾ ನೀತಿ ಓದಿದರೆ ಒಬ್ಬರಿಗೆ ವರ್ಷಕ್ಕೆ 200 ಗಂಟೆಗೂ ಜಾಸ್ತಿ ಬೇಕು ಅಂತ ಅಮೆರಿಕದ ಇಬ್ಬರು ಸಂಶೋಧಕರು 2008ರಲ್ಲೇ ಲೆಕ್ಕ ಹಾಕಿದ್ದರು. ಪೂರ್ತಿ ಓದಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಎರಡು ಜಾಗ ನೋಡಿದರೆ ಸಾಕು.

ಮೊದಲನೆಯದು, ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಅನ್ನುವ ಭಾಗ. ಅಲ್ಲಿ ದಿನ ಅಥವಾ ತಿಂಗಳಿನ ಲೆಕ್ಕ ಇರಬೇಕು. "ಹುಡುಕಾಟದ ದಾಖಲೆ 90 ದಿನ" ಅಂತ ಬರೆದಿದ್ದರೆ ಯಾರೋ ಕೂತು ಯೋಚಿಸಿದ್ದಾರೆ ಅಂತ ಅರ್ಥ. "ನಮ್ಮ ವ್ಯವಹಾರಕ್ಕೆ ಅಗತ್ಯವಿರುವಷ್ಟು ಕಾಲ" ಅಂತ ಮಾತ್ರ ಇದ್ದರೆ ಅಳಿಸುವ ಯೋಜನೆಯೇ ಇಲ್ಲದಿರಬಹುದು. ಎರಡನೆಯದು, ಯಾರ ಜೊತೆ ಹಂಚಿಕೊಳ್ಳುತ್ತಾರೆ ಅನ್ನುವ ಭಾಗ. ಕಂಪನಿಗಳ ಹೆಸರು ಕೊಟ್ಟಿದ್ದಾರಾ, "ಪಾಲುದಾರರು" ಅಂತ ಹೇಳಿ ಸುಮ್ಮನಾಗಿದ್ದಾರಾ ನೋಡಿ. ಜೊತೆಗೆ ಕಂಪನಿಯನ್ನೇ ಬೇರೆಯವರು ಕೊಂಡರೆ ಮಾಹಿತಿಯ ಗತಿ ಏನು ಅಂತಲೂ ಒಂದು ಸಾಲು ಇರುತ್ತದೆ. ಸಾಮಾನ್ಯವಾಗಿ ಅದು ಹೊಸ ಮಾಲೀಕರಿಗೆ ಹೋಗುತ್ತದೆ.

ಕಾನೂನುಗಳು ಈಗ ಸ್ವಲ್ಪ ಬಲ ಕೊಟ್ಟಿವೆ. ಜಿಡಿಪಿಆರ್ ಪ್ರಕಾರ ನಿಮ್ಮ ಬಗ್ಗೆ ಏನಿದೆ ಅಂತ ಕೇಳಬಹುದು, ಅಳಿಸಿ ಅನ್ನಬಹುದು, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಉತ್ತರ ಕೊಡಬೇಕು. ಸೋರಿಕೆ ಆದರೆ ಗೊತ್ತಾದ 72 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ "ನನ್ನ ಮಾಹಿತಿ ಮಾರಬೇಡಿ" ಅನ್ನುವ ಸೂಚನೆಯನ್ನು ಬ್ರೌಸರ್‌ನಿಂದಲೇ ಕಳಿಸಬಹುದು, ಕಾನೂನಿನ ವ್ಯಾಪ್ತಿಗೆ ಬರುವ ಕಂಪನಿಗಳು ಅದನ್ನು ಪಾಲಿಸಬೇಕು. ಭಾರತದ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯಲ್ಲಿ ನನಗೆ ತುಂಬ ಹಿಡಿಸಿದ್ದು ಎರಡು ಅಂಶ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ತೆಗೆದುಕೊಳ್ಳುವುದೂ ಅಷ್ಟೇ ಸುಲಭವಿರಬೇಕು. ಮತ್ತು ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಅವಕಾಶ ಕೊಡಬೇಕು. ಕನ್ನಡವೂ ಅದರಲ್ಲಿದೆ. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಗಡುವು ಇದೆ.

ಅಳಿಸಿ ಅಂತ ಕೇಳುವುದು ಹೇಗೆ

ಆ್ಯಪನ್ನು ಫೋನಿನಿಂದ ತೆಗೆದರೆ ಖಾತೆ ಹೋಗುವುದಿಲ್ಲ. ಇದು ತುಂಬ ಜನರಿಗೆ ಗೊತ್ತಿಲ್ಲ. ಮೊದಲು ಒಳಗೆ ಹೋಗಿ ಖಾತೆಯನ್ನೇ ಅಳಿಸಬೇಕು, ಆಮೇಲೆ ಆ್ಯಪ್ ತೆಗೆಯಬೇಕು. "ನಿಷ್ಕ್ರಿಯ ಮಾಡು" ಅನ್ನುವುದನ್ನು ಒತ್ತಿ ಬರಬೇಡಿ, ಅದರಲ್ಲಿ ಎಲ್ಲವೂ ಹಾಗೆಯೇ ಉಳಿಯುತ್ತದೆ.

ಅಳಿಸುವ ಗುಂಡಿ ಸಿಗದಿದ್ದರೆ ಗೋಪ್ಯತಾ ನೀತಿಯ ಕೊನೆಯಲ್ಲಿರುವ ಇಮೇಲ್‌ಗೆ ಬರೆಯಿರಿ. ಪತ್ರ ಉದ್ದ ಬೇಡ. ಯಾವ ಇಮೇಲ್ ಅಥವಾ ಫೋನ್ ನಂಬರ್‌ನಿಂದ ಖಾತೆ ತೆರೆದಿದ್ದಿರಿ ಅಂತ ಹೇಳಿ. ಮೊದಲು ನನ್ನ ಬಗ್ಗೆ ಇರುವ ಮಾಹಿತಿಯ ಪ್ರತಿ ಕಳಿಸಿ, ಆಮೇಲೆ ಅಳಿಸಿ, ಯಾರ ಯಾರಿಗೆ ಕೊಟ್ಟಿದ್ದೀರೋ ಅವರಿಗೂ ಅಳಿಸಲು ಹೇಳಿ ಅಂತ ಬರೆಯಿರಿ. ಸ್ಥಳದ ದಾಖಲೆ, ಹುಡುಕಾಟದ ದಾಖಲೆ, ಊಟ ತರುವವರಿಗೆ ಬರೆದ ಸೂಚನೆ, ಈ ಮೂರನ್ನೂ ಹೆಸರಿಸಿ ಕೇಳಿ. ಬರೀ "ಖಾತೆ" ಅಂದರೆ ಎಷ್ಟೋ ಸಲ ಹೆಸರು ಮತ್ತು ಇಮೇಲ್ ಮಾತ್ರ ಹೋಗುತ್ತದೆ. ಗುರುತಿಗೆ ಅಂತ ಸರ್ಕಾರಿ ಗುರುತಿನ ಚೀಟಿಯ ಫೋಟೊ ಕೇಳಿದರೆ, ನೋಂದಾಯಿಸಿದ ನಂಬರ್‌ಗೆ ಒಟಿಪಿ ಕಳಿಸಿ ಖಚಿತಪಡಿಸಿಕೊಳ್ಳಿ ಅಂತ ಹೇಳಿ. ಅವರ ಹತ್ತಿರ ಇಲ್ಲದ ಹೊಸ ಮಾಹಿತಿಯನ್ನು ಅಳಿಸುವ ನೆಪದಲ್ಲಿ ಯಾಕೆ ಕೊಡಬೇಕು?

ಉತ್ತರದಲ್ಲಿ ಎರಡು ವಿನಾಯಿತಿ ಇರುವುದು ಸಹಜ. ತೆರಿಗೆ ಕಾನೂನು ಕೇಳುವ ಬಿಲ್‌ಗಳನ್ನು ಕೆಲವು ವರ್ಷ ಇಟ್ಟುಕೊಳ್ಳಬೇಕಾಗುತ್ತದೆ, ಬ್ಯಾಕಪ್‌ನಲ್ಲಿರುವುದು ಹೋಗಲು ಸ್ವಲ್ಪ ಸಮಯ ಹಿಡಿಯುತ್ತದೆ. ಇವೆರಡನ್ನು ಬಿಟ್ಟು ಬೇರೆ ಏನನ್ನಾದರೂ ಉಳಿಸಿಕೊಳ್ಳುತ್ತೇವೆ ಅಂದರೆ, ಯಾವ ಕಾನೂನಿನ ಪ್ರಕಾರ, ಯಾವ ತಾರೀಖಿನ ತನಕ ಅಂತ ಮತ್ತೆ ಬರೆದು ಕೇಳಿ. ಅದಕ್ಕೂ ಉತ್ತರ ಬರದಿದ್ದರೆ ಆ ಎರಡೂ ಪತ್ರಗಳನ್ನು ಜೊತೆಗಿಟ್ಟು ನಿಮ್ಮ ದೇಶದ ಮಾಹಿತಿ ಸಂರಕ್ಷಣಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಬರ್ಲಿನ್‌ನಲ್ಲಿ ಕೈಗೆ ಸಿಕ್ಕಿದ್ದೂ ಹತ್ತು ಖಾತೆ, ಎಂಟು ಜನರ ದೂರು, ಇಂಥ ಕೆಲವೇ ಪ್ರಕರಣ.